ಮೋಟಾರು ಗಾಡಿಯ ಎಣ್ಣೆ: ಆಯ್ಕೆಯ ಪ್ರಶ್ನೆಯೂ ಅದರ ಇತಿಹಾಸವೂ

೧. ಪ್ರಶ್ನೆಯ ಸ್ವರೂಪ

ಮೋಟಾರು ಗಾಡಿಯನ್ನು ಇಟ್ಟುಕೊಂಡವರೆಲ್ಲರೂ ಒಂದಲ್ಲ ಒಂದು ದಿನ ಎಣ್ಣೆಯಂಗಡಿಯ ಮುಂದೆ ನಿಂತು, ಯಾವ ಡಬ್ಬಿಯನ್ನು ಕೊಳ್ಳಬೇಕೆಂದು ಯೋಚಿಸಬೇಕಾಗುತ್ತದೆ. ಡಬ್ಬಿಯ ಮೇಲೆ ಕೆಲವು ಅಂಕಿಗಳೂ ಅಕ್ಷರಗಳೂ ಅಚ್ಚಾಗಿರುತ್ತವೆ: ಒಂದರ ಮೇಲೆ ‘೨೦ಡಬ್ಲ್ಯು-೪೦’, ಇನ್ನೊಂದರ ಮೇಲೆ ‘೫ಡಬ್ಲ್ಯು-೩೦’, ಮತ್ತೊಂದರ ಮೇಲೆ ‘ಎಪಿಐ ಎಸ್‌ಪಿ’. ಕೊಳ್ಳುವವನಿಗೆ ಇವುಗಳ ಅರ್ಥ ತಿಳಿಯದು. ಅವನು ರಿಪೇರಿಯವನ ಮಾತನ್ನು ನಂಬುತ್ತಾನೆ. ರಿಪೇರಿಯವನು ತನಗೆ ಕೆಲಸ ಕಲಿಸಿದವನ ಮಾತನ್ನು ನಂಬಿರುತ್ತಾನೆ. ಆ ಮಾತು ಬಹುಮಟ್ಟಿಗೆ ಇಷ್ಟೇ: ಎಣ್ಣೆ ದಪ್ಪವಾಗಿದ್ದಷ್ಟೂ ಎಂಜಿನ್ನಿಗೆ ಒಳ್ಳೆಯದು, ಎಣ್ಣೆ ಕಪ್ಪಾಯಿತೆಂದರೆ ಅದು ಕೆಟ್ಟಿತು.

ಈ ಎರಡು ನಂಬಿಕೆಗಳೂ ಇಂದು ತಪ್ಪು. ಆದರೆ ಅವು ಅಜ್ಞಾನದಿಂದ ಹುಟ್ಟಿದವುಗಳಲ್ಲ. ಒಂದು ಕಾಲದಲ್ಲಿ ಅವು ಅನುಭವಸಿದ್ಧವಾದ ಸತ್ಯಗಳೇ ಆಗಿದ್ದುವು. ಯಾವ ಎಂಜಿನ್ನುಗಳನ್ನೂ ಯಾವ ಎಣ್ಣೆಗಳನ್ನೂ ಕುರಿತು ಆ ಮಾತುಗಳು ಹುಟ್ಟಿದುವೋ ಅವು ಮಾಯವಾದ ಮೇಲೂ ಮಾತುಗಳು ಮಾತ್ರ ಉಳಿದುಕೊಂಡುವು. ಹೀಗೆ ಸತ್ಯವೊಂದು ತನ್ನ ಕಾಲವನ್ನು ಮೀರಿ ಬದುಕಿ ತಪ್ಪಾಗಿ ಪರಿಣಮಿಸುವುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಸಂಗತಿಯೇನೂ ಅಲ್ಲ. ಡಬ್ಬಿಯ ಮೇಲಿನ ಅಂಕಿಗಳು ಹೇಗೆ ಬಂದುವು, ಯಾವ ಯಾವ ತೊಡಕುಗಳಿಗೆ ಉತ್ತರವಾಗಿ ಬಂದುವು, ಅವು ಏನನ್ನು ಹೇಳುತ್ತವೆ ಮತ್ತು ಏನನ್ನು ಹೇಳುವುದಿಲ್ಲ ಎಂಬುದನ್ನು ಕಾಲಕ್ರಮವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಮೋಟಾರಿಗೆ ಪೂರ್ವದ ಸ್ಥಿತಿ

ಉಜ್ಜುವ ಎರಡು ಮೈಗಳ ನಡುವೆ ಜಾರುವ ವಸ್ತುವೊಂದನ್ನು ಇಡಬೇಕೆಂಬ ತಿಳಿವಳಿಕೆ ಬಹಳ ಹಳೆಯದು. ಈಜಿಪ್ಟಿನಲ್ಲಿ, ಕ್ರಿಸ್ತಪೂರ್ವ ಸುಮಾರು ೧೯ನೆಯ ಶತಮಾನಕ್ಕೆ ಸೇರಿದ ಜೆಹುತಿಹೋತೆಪನ ಸಮಾಧಿಯ ಗೋಡೆಯ ಮೇಲೆ ಒಂದು ಚಿತ್ರವಿದೆ. ಭಾರಿಯಾದ ಶಿಲಾವಿಗ್ರಹವೊಂದನ್ನು ಜಾರುಬಂಡಿಯ ಮೇಲಿಟ್ಟು ಸಾಲುಸಾಲಾಗಿ ಜನರು ಎಳೆಯುತ್ತಿರುವಾಗ, ಬಂಡಿಯ ಮುಂಭಾಗದಲ್ಲಿ ನಿಂತ ಒಬ್ಬನು ನೆಲಕ್ಕೆ ದ್ರವವನ್ನು ಸುರಿಯುತ್ತಿರುವುದನ್ನು ಅದರಲ್ಲಿ ಕಾಣಬಹುದು. ನಮ್ಮ ಎತ್ತಿನ ಗಾಡಿಗಳ ಅಚ್ಚಿಗೆ ಹರಳೆಣ್ಣೆಯನ್ನು ಊಡುವ ಪದ್ಧತಿಯೂ ಇದೇ ತಿಳಿವಳಿಕೆಯ ಫಲ. ‘ಕೀಲೆಣ್ಣೆ’ ಎಂಬ ಅಚ್ಚಗನ್ನಡದ ಮಾತು ಅಚ್ಚನ್ನೂ ಕೀಲನ್ನೂ ಕುರಿತು ಹುಟ್ಟಿ, ಈಗ ಯಂತ್ರಶಾಸ್ತ್ರದ ಪಾರಿಭಾಷಿಕ ಶಬ್ದವಾಗಿ ನೆಲೆನಿಂತಿದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಕೀಲೆಣ್ಣೆಗಳೆಂದರೆ ಪ್ರಾಣಿಗಳ ಕೊಬ್ಬು, ತಿಮಿಂಗಿಲದ ಎಣ್ಣೆ ಮತ್ತು ಆಲಿವ್, ಹರಳು ಮೊದಲಾದ ಬೀಜಗಳ ಮತ್ತು ಕಾಯಿಗಳ ಎಣ್ಣೆಗಳು. ೧೮೫೯ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕನು ತೋಡಿಸಿದ ಬಾವಿಯಲ್ಲಿ ನೆಲದೆಣ್ಣೆ ದೊರೆತ ಮೇಲೆ ಈ ಸ್ಥಿತಿ ಬದಲಾಗತೊಡಗಿತು. ಆ ಎಣ್ಣೆಯನ್ನು ಜನರು ಬಯಸಿದ್ದು ದೀಪಕ್ಕಾಗಿ. ಸೀಮೆಯೆಣ್ಣೆಯನ್ನು ಬಟ್ಟಿಯಿಳಿಸಿದ ಮೇಲೆ ಉಳಿಯುತ್ತಿದ್ದ ಭಾರವಾದ ಶೇಷದಿಂದ ಯಂತ್ರಗಳಿಗೆ ಎಣ್ಣೆಯನ್ನು ತೆಗೆಯಬಹುದೆಂಬುದು ಕ್ರಮೇಣ ಸ್ಪಷ್ಟವಾಯಿತು. ೧೮೬೬ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ ವ್ಯಾಕ್ಯೂಮ್ ಆಯಿಲ್ ಕಂಪೆನಿ ಸ್ಥಾಪಿತವಾಯಿತು. ಗಾಳಿಯ ಒತ್ತಡವನ್ನು ತಗ್ಗಿಸಿ ಬಟ್ಟಿಯಿಳಿಸಿದರೆ ಎಣ್ಣೆಯು ಸುಟ್ಟುಹೋಗದೆ ಕಡಿಮೆ ಶಾಖದಲ್ಲೇ ಬೇರ್ಪಡುತ್ತದೆ ಎಂಬುದೇ ಅದರ ಹೆಸರಿನ ಮೂಲ. ಭಾರತದಲ್ಲಿ ಅಸ್ಸಾಮಿನ ದಿಗ್ಬೋಯಿಯಲ್ಲಿ ೧೮೮೯ರಲ್ಲಿ ಎಣ್ಣೆ ದೊರೆತು, ೧೯೦೧ರಲ್ಲಿ ಶುದ್ಧೀಕರಣಶಾಲೆ ಕೆಲಸವನ್ನಾರಂಭಿಸಿತು.

ಎಣ್ಣೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ಅದುವರೆಗೂ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಇದಕ್ಕೆ ಮೊದಲ ಸುಳಿವು ದೊರೆತದ್ದು ಆಕಸ್ಮಿಕವಾಗಿ. ೧೮೮೩ರ ಸುಮಾರಿನಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚುಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಬೇರಿಂಗಿನ ಮೇಲ್ಭಾಗದಲ್ಲಿ ಎಣ್ಣೆ ಹಾಕುವುದಕ್ಕೆಂದು ಕೊರೆದ ರಂಧ್ರದಿಂದ, ಅಚ್ಚು ತಿರುಗತೊಡಗಿದೊಡನೆ, ಎಣ್ಣೆ ಒಳಕ್ಕೆ ಹೋಗುವ ಬದಲು ಮೇಲಕ್ಕೆ ಉಕ್ಕಿತು. ಅವನು ಬಿರಡೆಯನ್ನು ಹಾಕಿದನು; ಬಿರಡೆ ಹೊರಬಿತ್ತು. ಮರದ ಬೆಣೆಯನ್ನು ಬಡಿದನು, ಅದೂ ಹೊರಬಿತ್ತು. ಕೊನೆಗೆ ಒತ್ತಡಮಾಪಕವನ್ನು ಜೋಡಿಸಿದಾಗ ಅದರ ಮುಳ್ಳು ಚದರ ಅಂಗುಲಕ್ಕೆ ೨೦೦ ಪೌಂಡುಗಳನ್ನು ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರವಾದರೋ ಚದರ ಅಂಗುಲಕ್ಕೆ ೧೦೦ ಪೌಂಡು ಮಾತ್ರ. ಅಂದರೆ ಲೋಹವು ಲೋಹದ ಮೇಲೆ ಕುಳಿತಿರಲಿಲ್ಲ. ತಿರುಗುವ ಅಚ್ಚು ತಾನೇ ಎಳೆದುಕೊಂಡ ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತಿತ್ತು.

ಈ ಪ್ರಯೋಗಗಳನ್ನು ಆಧರಿಸಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸನು ೧೮೮೬ರಲ್ಲಿ ಗಣಿತಸಿದ್ಧಾಂತವೊಂದನ್ನು ಪ್ರಕಟಿಸಿದನು. ಎಣ್ಣೆಯ ಪೊರೆಯು ಬೆಣೆಯಾಕಾರದಲ್ಲಿ ಕಿರಿದಾಗುವ ಸಂದಿಗೆ ಎಳೆಯಲ್ಪಟ್ಟಾಗ ಒತ್ತಡ ಹುಟ್ಟುತ್ತದೆ. ಪೊರೆಯ ದಪ್ಪವು ಎಣ್ಣೆಯ ಸ್ನಿಗ್ಧತೆ, ತಿರುಗುವ ವೇಗ ಮತ್ತು ಹೇರಿದ ಭಾರ ಇವುಗಳನ್ನು ಅವಲಂಬಿಸಿದೆ. ಸ್ನಿಗ್ಧತೆಯೆಂದರೆ ಹರಿಯುವುದಕ್ಕೆ ದ್ರವವು ಒಡ್ಡುವ ಪ್ರತಿರೋಧ. ಬಳಕೆಯ ಮಾತಿನಲ್ಲಿ ಎಣ್ಣೆಯ ‘ದಪ್ಪ’. ರೆನಾಲ್ಡ್ಸನ ಸಿದ್ಧಾಂತದಲ್ಲಿ ಎಣ್ಣೆಯ ಆಯ್ಕೆಯ ಮೂಲತತ್ತ್ವ ಅಡಗಿದೆ. ಸ್ನಿಗ್ಧತೆ ತೀರ ಕಡಿಮೆಯಾದರೆ ಪೊರೆ ತೆಳುವಾಗಿ ಲೋಹಗಳು ಮುಟ್ಟುತ್ತವೆ. ಹೆಚ್ಚಾದರೆ ಎಣ್ಣೆಯನ್ನು ಕಲಕುವುದರಲ್ಲೇ ಶಕ್ತಿ ವ್ಯಯವಾಗಿ ಶಾಖ ಹುಟ್ಟುತ್ತದೆ. ಆದುದರಿಂದ ಮೈಗಳನ್ನು ಬೇರ್ಪಡಿಸಿಡಬಲ್ಲ ಎಣ್ಣೆಗಳಲ್ಲೆಲ್ಲ ಅತ್ಯಂತ ತೆಳುವಾದುದೇ ಉತ್ತಮ. ದಪ್ಪವೇ ಗುಣವೆಂಬ ಮಾತಿಗೆ ಶಾಸ್ತ್ರದ ಬೆಂಬಲ ಮೊದಲಿನಿಂದಲೂ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಆದರೆ ಶಾಸ್ತ್ರ ಹೇಳಿದ್ದಕ್ಕೂ ಅಂದಿನ ಎಂಜಿನ್ನು ಕೇಳಿದ್ದಕ್ಕೂ ಅಂತರವಿತ್ತು.

೩. ಹಳೆಯ ಎಂಜಿನ್ನು, ಹಳೆಯ ಎಣ್ಣೆ

೧೮೮೬ರ ಜನವರಿಯಲ್ಲಿ ಕಾರ್ಲ್ ಬೆಂಜ್‌ನು ತನ್ನ ಮೋಟಾರು ಗಾಡಿಗೆ ಪೇಟೆಂಟನ್ನು ಕೋರಿದ ಕಾಲದಲ್ಲಿ ಎಣ್ಣೆಯು ಎಂಜಿನ್ನಿನೊಳಗೆ ಸುತ್ತಿ ಬರುತ್ತಿರಲಿಲ್ಲ. ಬಟ್ಟಲುಗಳಿಂದ ತೊಟ್ಟುತೊಟ್ಟಾಗಿ ಇಳಿದು, ಕೆಲಸ ಮಾಡಿ, ಹೊರಕ್ಕೆ ಹೋಗಿ ವ್ಯರ್ಥವಾಗುತ್ತಿತ್ತು. ಮುಂದೆ ತಳದ ತೊಟ್ಟಿಯಲ್ಲಿ ನಿಂತ ಎಣ್ಣೆಯನ್ನು ತಿರುಗುವ ಭಾಗಗಳೇ ಎರಚುವ ಪದ್ಧತಿ ಬಂದಿತು. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಕಂಪೆನಿಯ ‘ಮಾಡೆಲ್ ಟಿ’ ಗಾಡಿಯಲ್ಲಿ ಎಣ್ಣೆಯನ್ನು ಒತ್ತಿ ಕಳುಹಿಸುವ ಪಂಪೇ ಇರಲಿಲ್ಲ; ಗಾಲಿಚಕ್ರವು ಎತ್ತಿ ಎರಚಿದ ಎಣ್ಣೆ ಕೊಳವೆಯೊಂದರ ಮೂಲಕ ಮುಂಭಾಗಕ್ಕೆ ಹರಿಯುತ್ತಿತ್ತು. ಎಣ್ಣೆಯ ಮಟ್ಟವನ್ನು ತಿಳಿಯಲು ಒಂದರ ಕೆಳಗೊಂದರಂತೆ ಎರಡು ಪುಟ್ಟ ನಲ್ಲಿಗಳಿದ್ದುವು. ಈ ಗಾಡಿಗೆ ಹಗುರವಾದ ಎಣ್ಣೆಯನ್ನೇ ಬಳಸಬೇಕೆಂದೂ ಅದು ಬೇರಿಂಗುಗಳಿಗೆ ಸುಲಭವಾಗಿ ತಲುಪುತ್ತದೆಂದೂ ಫೋರ್ಡ್ ಕಂಪೆನಿಯ ಕೈಪಿಡಿಯೇ ಸೂಚಿಸಿದ್ದಿತು.

ಹಾಗಾದರೆ ದಪ್ಪ ಎಣ್ಣೆಯ ಮೇಲಿನ ವಿಶ್ವಾಸ ಎಲ್ಲಿಂದ ಬಂತು? ಅದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಅಂದಿನ ಕಾರ್ಖಾನೆಗಳ ಕೊರೆತ ಕಡೆತಗಳು ಇಂದಿನಷ್ಟು ನಯವಾಗಿರಲಿಲ್ಲ. ಬೇರಿಂಗಿಗೂ ದಂಡಕ್ಕೂ, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದಿ ದೊಡ್ಡದು. ಸವೆದ ಎಂಜಿನ್ನಿನಲ್ಲಿ ಇನ್ನೂ ದೊಡ್ಡದು. ತೆಳುವಾದ ಎಣ್ಣೆ ಪಿಸ್ಟನ್ನಿನ ಬಳೆಗಳನ್ನು ದಾಟಿ ಮೇಲೇರಿ ಉರಿದು ಹೊಗೆಯಾಗುತ್ತಿತ್ತು. ಎರಡನೆಯದಾಗಿ, ಎಣ್ಣೆ ಕಾದಾಗ ತೆಳುವಾಗುತ್ತದೆ. ಏನನ್ನೂ ಬೆರಸದ ನೆಲದೆಣ್ಣೆಯ ಸ್ನಿಗ್ಧತೆಯು ೪೦ ಡಿಗ್ರಿ ಸೆಲ್ಷಿಯಸಿನಿಂದ ೧೦೦ ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುವುದುಂಟು. ಕಾದ ಎಂಜಿನ್ನಿನಲ್ಲಿ ಸಾಕಷ್ಟು ಪೊರೆ ಉಳಿಯಬೇಕಾದರೆ ತಣ್ಣಗಿರುವಾಗ ಎಣ್ಣೆ ಬಹಳ ದಪ್ಪವಾಗಿಯೇ ಇರಬೇಕಾಗಿತ್ತು. ಮೂರನೆಯದಾಗಿ, ಸರಿಯಾಗಿ ಆವಿಯಾಗದ ಪೆಟ್ರೋಲು ತೊಟ್ಟಿಗೆ ಇಳಿದು ಎಣ್ಣೆಯನ್ನು ನೀರಾಗಿಸುತ್ತಿತ್ತು. ಫೋರ್ಡ್ ಕಂಪೆನಿಯ ‘ಮಾಡೆಲ್ ಎ’ ಗಾಡಿಗೆ ೫೦೦ ಮೈಲಿಗಳಿಗೊಮ್ಮೆ ಎಣ್ಣೆಯನ್ನು ಬದಲಾಯಿಸಬೇಕೆಂದು ಕೈಪಿಡಿ ಹೇಳುತ್ತಿತ್ತು. ಇಂಥ ಸ್ಥಿತಿಯಲ್ಲಿ ದಪ್ಪನೆಯ ಎಣ್ಣೆಯನ್ನು ಆಯ್ದವನು ಜಾಣನೇ ಹೊರತು ಮೂಢನಲ್ಲ.

ಬೀಜದೆಣ್ಣೆಗಳೂ ಈ ಕಾಲದಲ್ಲಿ ಪೂರ್ಣವಾಗಿ ಹಿಂದೆ ಸರಿದಿರಲಿಲ್ಲ. ೧೮೯೯ರಲ್ಲಿ ತನ್ನ ಕಂಪೆನಿಯನ್ನು ಸ್ಥಾಪಿಸಿದ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡನು, ಹರಳೆಣ್ಣೆಯನ್ನು ಬೆರಸಿದ ತನ್ನ ಎಣ್ಣೆಗೆ ೧೯೦೯ರಲ್ಲಿ ‘ಕ್ಯಾಸ್ಟ್ರಾಲ್’ ಎಂಬ ಹೆಸರಿಟ್ಟನು. ಹರಳಿನ ಇಂಗ್ಲಿಷ್ ಹೆಸರಿನಿಂದಲೇ ಆ ಶಬ್ದ ಬಂದಿದೆ. ಮೊದಲನೆಯ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್ನುಗಳಿಗೆ ಹರಳೆಣ್ಣೆ ಅನಿವಾರ್ಯವಾಗಿತ್ತು. ಆ ಎಂಜಿನ್ನುಗಳಲ್ಲಿ ಪೆಟ್ರೋಲೂ ಗಾಳಿಯೂ ಎಣ್ಣೆಯ ತೊಟ್ಟಿಯ ಮೂಲಕವೇ ಹಾಯುತ್ತಿದ್ದುದರಿಂದ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆಯೇ ಬೇಕಾಗಿತ್ತು. ನಮ್ಮ ಹಳ್ಳಿಯ ಗಾಡಿಯ ಅಚ್ಚಿಗೆ ಒದಗಿದ ಎಣ್ಣೆಯೇ ಆಕಾಶಯಾನಕ್ಕೂ ಒದಗಿತು. ಆದರೆ ಹರಳೆಣ್ಣೆ ಬೇಗನೆ ಅಂಟುಗಟ್ಟುತ್ತದೆ. ದಿನನಿತ್ಯದ ಮೋಟಾರಿನಲ್ಲಿ ಅದು ನೆಲೆನಿಲ್ಲದಿರಲು ಇದೇ ಕಾರಣ.

೪. ಅಂಕಿಯ ಜನನ

ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡುವುದೇ ಮೊದಮೊದಲು ಪರೀಕ್ಷೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿಯಲ್ಲಿ ಎಂಗ್ಲರ್, ಇಂಗ್ಲೆಂಡಿನಲ್ಲಿ ರೆಡ್‌ವುಡ್, ಅಮೆರಿಕದಲ್ಲಿ ಸೇಬೋಲ್ಟ್ ಎಂಬವರು ತಮ್ಮತಮ್ಮ ಮಾಪಕಗಳನ್ನು ರಚಿಸಿದರು. ಮೂರರ ತತ್ತ್ವವೂ ಒಂದೇ: ಗೊತ್ತಾದ ಶಾಖದಲ್ಲಿ, ಗೊತ್ತಾದ ಅಳತೆಯ ಎಣ್ಣೆ ಸಣ್ಣ ರಂಧ್ರದ ಮೂಲಕ ಸುರಿಯಲು ಎಷ್ಟು ಹೊತ್ತು ಹಿಡಿಯುತ್ತದೆ? ಸೇಬೋಲ್ಟನ ಮಾಪಕದಲ್ಲಿ ೬೦ ಘನ ಸೆಂಟಿಮೀಟರು, ರೆಡ್‌ವುಡ್ಡಿನದರಲ್ಲಿ ೫೦, ಎಂಗ್ಲರನದರಲ್ಲಿ ೨೦೦. ಒಂದು ದೇಶದ ಅಂಕಿ ಇನ್ನೊಂದು ದೇಶಕ್ಕೆ ಅರ್ಥವಾಗುತ್ತಿರಲಿಲ್ಲ.

ಕೊಳ್ಳುವವನಿಗಂತೂ ಈ ಮಾಪಕಗಳು ಅಪರಿಚಿತ. ಅವನಿಗೆ ದಾರಿ ತೋರಿಸಲು ಎಣ್ಣೆಯ ಕಂಪೆನಿಗಳೇ ಮುಂದೆ ಬಂದುವು. ವ್ಯಾಕ್ಯೂಮ್ ಆಯಿಲ್ ಕಂಪೆನಿಯು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ತನ್ನ ಜಾಹೀರಾತುಗಳಲ್ಲಿ ದೊಡ್ಡ ಕೋಷ್ಟಕವೊಂದನ್ನು ಅಚ್ಚುಮಾಡಿಸುತ್ತಿತ್ತು. ಗಾಡಿಯ ಹೆಸರು, ತಯಾರಾದ ವರ್ಷ, ಬೇಸಗೆ ಮತ್ತು ಚಳಿಗಾಲ ಇವುಗಳಿಗನುಗುಣವಾಗಿ ‘ಎ’, ‘ಬಿ’, ‘ಇ’, ‘ಆರ್ಕ್ಟಿಕ್’ ಎಂದು ಎಣ್ಣೆಯನ್ನು ಸೂಚಿಸಿತ್ತು. ಇದು ಉಪಯುಕ್ತವಾದ ಕ್ರಮವೇ. ಆದರೆ ‘ಎ’ ಎಂಬುದರ ಅರ್ಥವನ್ನು ನಿರ್ಧರಿಸುವವನು ಅದನ್ನು ಮಾರುವವನೇ ಆಗಿದ್ದನು. ಬೇರೊಂದು ಕಂಪೆನಿಯ ಎಣ್ಣೆಯೊಡನೆ ಹೋಲಿಸಿ ನೋಡುವ ಸಾಧನ ಕೊಳ್ಳುವವನ ಕೈಯಲ್ಲಿರಲಿಲ್ಲ.

ಈ ಕೊರತೆಯನ್ನು ತುಂಬಿದ್ದು ೧೯೦೫ರಲ್ಲಿ ಸ್ಥಾಪಿತವಾದ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ. ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಾದ ‘ಎಸ್‌ಎಇ’ ಎಂಬುವೇ ಇಂದಿಗೂ ಡಬ್ಬಿಗಳ ಮೇಲೆ ನಿಂತಿವೆ. ಎಂಜಿನ್ನಿನ ಎಣ್ಣೆಯನ್ನು ಕುರಿತ ಅದರ ಮೊದಲ ವಿಧಿ ಹೊರಬಿದ್ದದ್ದು ೧೯೧೧ರಲ್ಲಿ. ೧೯೨೦ರ ದಶಕದ ಮಧ್ಯದ ವೇಳೆಗೆ ೧೦, ೨೦, ೩೦, ೪೦ ಎಂಬ ಪರಿಚಿತ ಅಂಕಿಗಳು ರೂಢಿಗೆ ಬಂದುವು. ಅಂಕಿ ಹೆಚ್ಚಿದಷ್ಟೂ ಎಣ್ಣೆ ದಪ್ಪ. ಎಣ್ಣೆ ಯಾರದೇ ಆಗಲಿ, ೩೦ ಎಂದರೆ ಎಲ್ಲೆಲ್ಲೂ ಒಂದೇ ಅರ್ಥ. ಮಾರುವವನ ಬಾಯಿಮಾತು ಹೋಗಿ ಸಾರ್ವಜನಿಕವಾದ ಅಳತೆಯೊಂದು ಬಂದಿತು. ಸೇರು, ಗಜಗಳ ಅಳತೆಯನ್ನು ನಿಗದಿಗೊಳಿಸಿದುದರಷ್ಟೇ ಮುಖ್ಯವಾದ ಸಂಗತಿ ಇದು.

ಆದರೂ ಇಲ್ಲಿಯೇ ಒಂದು ಭ್ರಾಂತಿಗೂ ಬೀಜ ಬಿದ್ದಿತು. ಈ ಅಂಕಿ ಎಣ್ಣೆಯ ಹರಿವನ್ನು ಮಾತ್ರ ಹೇಳುತ್ತದೆ. ಅದರ ಗುಣವನ್ನು ಹೇಳುವುದಿಲ್ಲ. ೪೦ ಎಂಬುದು ೩೦ಕ್ಕಿಂತ ದೊಡ್ಡ ಅಂಕಿಯಾದುದರಿಂದ ಉತ್ತಮವೆಂದು ಜನರು ತಿಳಿದರು. ಪರೀಕ್ಷೆಯ ಅಂಕಗಳಂತೆ ಇದನ್ನು ಓದುವ ಅಭ್ಯಾಸ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ.

೫. ಚಳಿಗಾಲದ ಅಕ್ಷರ

ಉತ್ತರ ಅಮೆರಿಕದ ಚಳಿಯಲ್ಲಿ ದಪ್ಪ ಎಣ್ಣೆ ಮೇಣದಂತೆ ಬಿಗಿಯುತ್ತಿತ್ತು. ಆದುದರಿಂದ ಋತುವಿಗೊಂದು ಎಣ್ಣೆಯನ್ನು ಬಳಸಬೇಕಾಗಿತ್ತು. ಎಣ್ಣೆಗೆ ಸೀಮೆಯೆಣ್ಣೆಯನ್ನು ಬೆರಸಿ ತೆಳುಮಾಡುವುದೂ ಇತ್ತು. ೧೯೩೦ರ ದಶಕದಲ್ಲಿ ೧೦ಡಬ್ಲ್ಯು, ೨೦ಡಬ್ಲ್ಯು ಎಂಬ ವರ್ಗಗಳು ಬಂದುವು. ‘ಡಬ್ಲ್ಯು’ ಎಂಬುದು ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಅದು ತೂಕವನ್ನು ಸೂಚಿಸುತ್ತದೆಂಬುದು ತಪ್ಪು ಗ್ರಹಿಕೆ.

ಎಲ್ಲ ಎಣ್ಣೆಗಳೂ ಶಾಖಕ್ಕೆ ಒಂದೇ ತೆರನಾಗಿ ತೆಳುವಾಗುವುದಿಲ್ಲ. ೧೯೨೯ರಲ್ಲಿ ಡೀನ್ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು ಇದಕ್ಕೊಂದು ಅಳತೆಯನ್ನು ಕೊಟ್ಟರು. ಶಾಖಕ್ಕೆ ಕಡಿಮೆ ಬದಲಾಗುವ ಪೆನ್ಸಿಲ್ವೇನಿಯದ ಎಣ್ಣೆಗೆ ೧೦೦ ಎಂದೂ, ಬಹಳವಾಗಿ ಬದಲಾಗುವ ಮೆಕ್ಸಿಕೋ ಕೊಲ್ಲಿಯ ತೀರದ ಎಣ್ಣೆಗೆ ೦ ಎಂದೂ ಗೊತ್ತುಮಾಡಿ, ಉಳಿದ ಎಣ್ಣೆಗಳನ್ನು ಇವುಗಳೊಡನೆ ಹೋಲಿಸಿ ಅಂಕಿಯನ್ನು ಕೊಡುವ ಕ್ರಮವಿದು. ಇದೇ ಸ್ನಿಗ್ಧತಾಂಕ. ಮುಂದೆ ಉದ್ದವಾದ ಸರಪಳಿಯಂಥ ಅಣುಗಳುಳ್ಳ ಪಾಲಿಮರುಗಳನ್ನು ಬೆರಸಿ, ತಣ್ಣಗಿರುವಾಗ ತೆಳುವಾಗಿಯೂ ಕಾದಾಗ ಸಾಕಷ್ಟು ದಪ್ಪವಾಗಿಯೂ ಉಳಿಯುವ ಎಣ್ಣೆಯನ್ನು ತಯಾರಿಸುವುದು ಸಾಧ್ಯವಾಯಿತು. ಈ ಅಣುಗಳು ತಣ್ಣಗಿರುವಾಗ ಮುದುಡಿಕೊಂಡಿದ್ದು ಕಾದಾಗ ಬಿಚ್ಚಿಕೊಳ್ಳುತ್ತವೆ. ೧೯೫೦ರ ದಶಕದಲ್ಲಿ ೧೦ಡಬ್ಲ್ಯು-೩೦ ಮೊದಲಾದ ಇಬ್ಬಗೆಯ ಎಣ್ಣೆಗಳು ಮಾರುಕಟ್ಟೆಗೆ ಬಂದುದು ಹೀಗೆ. ಮೊದಲ ಅಂಕಿ ಚಳಿಯ ನಡತೆಯನ್ನೂ ಎರಡನೆಯದು ೧೦೦ ಡಿಗ್ರಿಯಲ್ಲಿನ ನಡತೆಯನ್ನೂ ತಿಳಿಸುತ್ತವೆ.

ಅಳತೆ ಇದ್ದ ಮಾತ್ರಕ್ಕೆ ಅಪಾಯ ತಪ್ಪಿತೆಂದು ತಿಳಿಯಬಾರದು ಎಂಬುದಕ್ಕೆ ೧೯೮೦-೮೧ರ ಚಳಿಗಾಲ ನಿದರ್ಶನ. ಅಮೆರಿಕದ ದಕ್ಷಿಣ ಡಕೋಟದ ಸೂ ಫಾಲ್ಸ್ ಪ್ರದೇಶದಲ್ಲಿ ಆ ಋತುವಿನಲ್ಲಿ ಹಲವು ಗಾಡಿಗಳ ಎಂಜಿನ್ನುಗಳು ಹಾಳಾದುವು. ಅವುಗಳಲ್ಲಿದ್ದ ಎಣ್ಣೆ ಅಂದಿನ ವಿಧಿಗಳಿಗೆ ಅನುಗುಣವಾಗಿಯೇ ಇದ್ದಿತು. ಎಂಜಿನ್ನು ತಿರುಗಿತು, ಹೊತ್ತಿಕೊಂಡಿತು. ಎಣ್ಣೆ ಮಾತ್ರ ಪಂಪಿಗೆ ಬರಲಿಲ್ಲ. ನಿಧಾನವಾಗಿ ತಣಿದ ಎಣ್ಣೆಯಲ್ಲಿದ್ದ ಮೇಣದ ಅಂಶವು ಜಾಲದಂತೆ ಹೆಣೆದುಕೊಂಡು, ಎಣ್ಣೆ ಮೊಸರಿನಂತೆ ಹೆಪ್ಪುಗಟ್ಟಿತ್ತು. ಪಂಪು ತನ್ನ ಬಾಯಿಯ ಬಳಿಯಿದ್ದ ಎಣ್ಣೆಯನ್ನು ಹೀರಿದೊಡನೆ ಅಲ್ಲೊಂದು ಗುಳಿ ಬಿದ್ದಿತು. ಸುತ್ತಲಿನ ಎಣ್ಣೆ ಕುಸಿದು ಆ ಗುಳಿಯನ್ನು ತುಂಬಲಿಲ್ಲ. ಪಂಪು ಗಾಳಿಯನ್ನು ಹೀರಿತು. ಪ್ರಯೋಗಶಾಲೆಯಲ್ಲಿ ಎಣ್ಣೆಯನ್ನು ಬೇಗನೆ ತಣಿಸಿ ಪರೀಕ್ಷಿಸುತ್ತಿದ್ದುದರಿಂದ ಈ ದೋಷ ಕಣ್ಣಿಗೆ ಬಿದ್ದಿರಲಿಲ್ಲ. ಎಣ್ಣೆಯನ್ನು ಬಹಳ ಹೊತ್ತು ನಿಧಾನವಾಗಿ ತಣಿಸಿ ಅಳೆಯುವ ಪರೀಕ್ಷೆ ಆಮೇಲೆ ರೂಪುಗೊಂಡಿತು. ಇಂದು ‘ಡಬ್ಲ್ಯು’ ಇರುವ ಪ್ರತಿಯೊಂದು ವರ್ಗಕ್ಕೂ ಎರಡು ಮಿತಿಗಳಿವೆ: ಎಂಜಿನ್ನು ತಿರುಗಬೇಕಾದ ಶಾಖ ಒಂದು, ಎಣ್ಣೆ ಪಂಪಿಗೆ ಹರಿಯಬೇಕಾದ ಶಾಖ ಇನ್ನೊಂದು. ೫ಡಬ್ಲ್ಯು ಎಣ್ಣೆಗೆ ಇವು ಕ್ರಮವಾಗಿ ಸೊನ್ನೆಗಿಂತ ೩೦ ಮತ್ತು ೩೫ ಡಿಗ್ರಿ ಕೆಳಗೆ. ೨೦ಡಬ್ಲ್ಯು ಎಣ್ಣೆಗೆ ೧೫ ಮತ್ತು ೨೦ ಡಿಗ್ರಿ ಕೆಳಗೆ. ವಿಧಿಯ ಈ ಸಾಲು ಬರೆಯಲ್ಪಟ್ಟದ್ದು ಕೆಟ್ಟುನಿಂತ ಎಂಜಿನ್ನುಗಳ ಬೆಲೆಯನ್ನು ತೆತ್ತ ಮೇಲೆ.

೬. ಗುಣದ ಅಕ್ಷರಗಳು

ಹರಿವಿನ ಅಂಕಿ ಗುಣವನ್ನು ಹೇಳುವುದಿಲ್ಲವೆಂದೆವು. ಗುಣದ ಪ್ರಶ್ನೆ ತೀವ್ರವಾದದ್ದು ೧೯೩೦ರ ದಶಕದಲ್ಲಿ, ಡೀಸೆಲ್ ಎಂಜಿನ್ನುಗಳಿಂದ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪೆನಿಯ ಟ್ರಾಕ್ಟರುಗಳಲ್ಲಿ ಪಿಸ್ಟನ್ನಿನ ಬಳೆಗಳು ಮಸಿ ಮತ್ತು ಅರಗಿನಂಥ ಕಲ್ಮಷದಿಂದ ಅಂಟಿಕೊಳ್ಳುತ್ತಿದ್ದುವು. ಎಣ್ಣೆಗೆ ಸಾಬೂನಿನ ಜಾತಿಯ ಲೋಹಸಂಯುಕ್ತವನ್ನು ಬೆರಸಿದರೆ ಬಳೆಗಳು ಶುಚಿಯಾಗಿ ಉಳಿಯುತ್ತವೆಂದು ಆ ದಶಕದ ಮಧ್ಯದಲ್ಲಿ ಕಂಡುಬಂದಿತು. ತೊಳೆಯುವ ಗುಣದ ಎಣ್ಣೆಗಳ ಆರಂಭ ಇಲ್ಲಿಂದ. ೧೯೪೦ರ ದಶಕದಲ್ಲಿ ಸತು, ರಂಜಕ, ಗಂಧಕಗಳ ಸಂಯುಕ್ತವೊಂದು ಬೇರಿಂಗುಗಳ ಕೊರೆತವನ್ನು ತಡೆಯಲು ಬಳಕೆಗೆ ಬಂದಿತು. ಪೊರೆ ಹರಿದು ಲೋಹಗಳು ಮುಟ್ಟುವ ಕಡೆಗಳಲ್ಲಿ ಸವೆತವನ್ನೂ ಅದು ತಡೆಯುತ್ತದೆಂಬುದು ಅನಂತರ ತಿಳಿಯಿತು.

ಎಣ್ಣೆ ಕಪ್ಪಾದರೆ ಕೆಟ್ಟಿತೆಂಬ ನಂಬಿಕೆ ಸುಳ್ಳಾದುದು ಈ ಹಂತದಲ್ಲಿ. ಹಿಂದಿನ ಎಣ್ಣೆಯಲ್ಲಿ ಮಸಿ ಎಂಜಿನ್ನಿನ ಗೋಡೆಗಳ ಮೇಲೆ ಕೂರುತ್ತಿತ್ತು. ಎಣ್ಣೆ ನೋಟಕ್ಕೆ ತಿಳಿಯಾಗಿರುತ್ತಿತ್ತು. ಹೊಸ ಎಣ್ಣೆ ಮಸಿಯನ್ನು ತನ್ನೊಳಗೇ ಹೊತ್ತುಕೊಂಡು ತಿರುಗುತ್ತದೆ. ಅದು ಕಪ್ಪಾಗುವುದು ಕೆಲಸ ಮಾಡುತ್ತಿರುವುದರ ಗುರುತು. ಅದರ ಆಯುಸ್ಸನ್ನು ಬಣ್ಣದಿಂದಲ್ಲ, ಓಡಿದ ದೂರ ಮತ್ತು ಕಳೆದ ಕಾಲದಿಂದ ಲೆಕ್ಕಹಾಕಬೇಕು.

ಇಂಥ ಗುಣಗಳನ್ನು ಕೊಳ್ಳುವವನಿಗೆ ತಿಳಿಸುವ ಬಗೆ ಹೇಗೆ? ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯು, ಎಂದರೆ ಡಬ್ಬಿಯ ಮೇಲಿನ ‘ಎಪಿಐ’, ೧೯೪೭ರಲ್ಲಿ ಎಣ್ಣೆಗಳನ್ನು ‘ರೆಗ್ಯುಲರ್’, ‘ಪ್ರೀಮಿಯಂ’, ‘ಹೆವಿ ಡ್ಯೂಟಿ’ ಎಂದು ಮೂರಾಗಿ ವಿಂಗಡಿಸಿತು. ಇದು ಎಣ್ಣೆಯೊಳಗೆ ಏನಿದೆಯೆಂದು ಹೇಳಿತೇ ಹೊರತು ಅದು ಯಾರಿಗೆ ತಕ್ಕುದೆಂದು ಹೇಳಲಿಲ್ಲ. ೧೯೫೨ರಲ್ಲಿ ಕ್ರಮ ಬದಲಾಗಿ, ಗಾಡಿಯ ದುಡಿಮೆ ಹಗುರವೇ, ಮಧ್ಯಮವೇ, ಕಠಿನವೇ ಎಂಬುದನ್ನನುಸರಿಸಿ ವರ್ಗಗಳಾದುವು. ಆಗ ತನ್ನ ದುಡಿಮೆ ಎಂಥದೆಂದು ಒಡೆಯನೇ ತೀರ್ಮಾನಿಸಬೇಕಾಯಿತು. ತನ್ನ ಗಾಡಿ ಕಠಿನವಾಗಿ ದುಡಿಯುತ್ತಿದೆಯೆಂದು ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಬೆಳಗ್ಗೆ ಒಂದೆರಡು ಮೈಲಿ ಓಡಿ ನಿಂತುಬಿಡುವ ಗಾಡಿಯೇ ಎಣ್ಣೆಯನ್ನು ಹೆಚ್ಚು ಕೆಡಿಸುತ್ತದೆಂಬುದು ಸಾಮಾನ್ಯರಿಗೆ ತಿಳಿಯದ ವಿಷಯ: ಎಣ್ಣೆ ಸಾಕಷ್ಟು ಕಾಯದಿದ್ದರೆ ಅದರೊಳಗೆ ಸೇರಿದ ನೀರೂ ಪೆಟ್ರೋಲೂ ಆವಿಯಾಗಿ ಹೋಗಲಾರವು.

೧೯೭೦ರ ಸುಮಾರಿನಲ್ಲಿ ಇಂದಿನ ಪದ್ಧತಿ ರೂಪುಗೊಂಡಿತು. ಪೆಟ್ರೋಲು ಎಂಜಿನ್ನುಗಳಿಗೆ ‘ಎಸ್’, ಡೀಸೆಲ್ ಎಂಜಿನ್ನುಗಳಿಗೆ ‘ಸಿ’. ಅದರ ಮುಂದಿನ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ವಿಧಿ ಹೊಸದು. ನಿಜವಾದ ಎಂಜಿನ್ನುಗಳನ್ನು ಓಡಿಸಿ, ಬಿಚ್ಚಿ, ಸವೆತವನ್ನೂ ಕಲ್ಮಷವನ್ನೂ ಅಳೆಯುವ ಪರೀಕ್ಷೆಗಳು ಇದಕ್ಕೆ ಆಧಾರ. ಏನನ್ನೂ ಬೆರಸದ ಎಣ್ಣೆ ‘ಎಸ್‌ಎ’. ೨೦೨೦ರಲ್ಲಿ ‘ಎಸ್‌ಪಿ’ಯೂ ೨೦೨೫ರಲ್ಲಿ ‘ಎಸ್‌ಕ್ಯೂ’ವೂ ಜಾರಿಗೆ ಬಂದುವು.

ಹೊಸ ಅಕ್ಷರ ಯಾವಾಗಲೂ ಎಲ್ಲ ಗಾಡಿಗಳಿಗೂ ಮೇಲೆಂದು ಹೇಳಬಹುದೇ? ಇಲ್ಲಿಯೂ ಇತಿಹಾಸ ಎಚ್ಚರಿಕೆಯನ್ನು ಕೊಡುತ್ತದೆ. ಹೊಗೆಯ ವಿಷವನ್ನು ಕಳೆಯುವ ವೇಗವರ್ಧಕಪಾತ್ರೆ ರಂಜಕದಿಂದ ಕೆಡುತ್ತದೆ. ಆದುದರಿಂದ ೨೦೦೪ರ ‘ಎಸ್‌ಎಂ’ ವಿಧಿಯ ಕಾಲಕ್ಕೆ ತೆಳುವರ್ಗದ ಎಣ್ಣೆಗಳಲ್ಲಿ ರಂಜಕದ ಮಿತಿ ಶೇಕಡ ೦.೦೮ಕ್ಕೆ ಇಳಿಯಿತು. ಸವೆತವನ್ನು ತಡೆಯುವ ವಸ್ತುವೂ ಅದೇ ರಂಜಕದ ಸಂಯುಕ್ತವಾದುದರಿಂದ, ಉಜ್ಜಿಕೊಂಡು ಚಲಿಸುವ ಹಳೆಯ ಬಗೆಯ ಟ್ಯಾಪೆಟ್ಟುಗಳುಳ್ಳ ಎಂಜಿನ್ನುಗಳ ಒಡೆಯರು ಆತಂಕಗೊಂಡರು. ಒಂದು ಅಂಗದ ರಕ್ಷಣೆ ಇನ್ನೊಂದರ ರಕ್ಷಣೆಗೆ ವಿರೋಧವಾದುದಕ್ಕೆ ಇದು ಉದಾಹರಣೆ. ಮೋಟಾರ್ ಸೈಕಲ್ಲುಗಳ ವಿಷಯವೂ ಇಂಥದೇ. ಅವುಗಳಲ್ಲಿ ಹಲವುಗಳ ಕ್ಲಚ್ಚು ಎಂಜಿನ್ನಿನ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿಗೆಂದು ಘರ್ಷಣೆಯನ್ನು ತಗ್ಗಿಸಿದ ಎಣ್ಣೆಯಿಂದ ಅದು ಜಾರಬಹುದು. ಜಪಾನಿನ ‘ಜಾಸೋ’ ವಿಧಿಯು ೧೯೯೮ರಲ್ಲಿ ಇವುಗಳಿಗೆ ಪ್ರತ್ಯೇಕ ವರ್ಗಗಳನ್ನು ಗೊತ್ತುಪಡಿಸಿದ್ದು ಇದಕ್ಕಾಗಿಯೇ.

೭. ತೆಳುವಿನ ಕಡೆಗೆ

೧೯೭೩ರ ಎಣ್ಣೆಯ ಬಿಕ್ಕಟ್ಟಿನ ತರುವಾಯ, ೧೯೭೫ರಲ್ಲಿ ಅಮೆರಿಕದ ಶಾಸನವು ಗಾಡಿಗಳ ಇಂಧನದ ಮಿತವ್ಯಯವನ್ನು ಕಡ್ಡಾಯಗೊಳಿಸಿತು. ಎಣ್ಣೆಯನ್ನು ಕಲಕುವುದರಲ್ಲಿ ಕಳೆದುಹೋಗುವ ಶಕ್ತಿಯೂ ಈಗ ಲೆಕ್ಕಕ್ಕೆ ಬಂದಿತು. ಕಾರ್ಖಾನೆಗಳ ಕೆಲಸ ನಯವಾಗಿ ಸಂದಿಗಳು ಕಿರಿದಾಗಿದ್ದುವು. ೧೯೭೦ರ ದಶಕದಲ್ಲಿ ಸಂಶ್ಲೇಷಿತ ಎಣ್ಣೆಗಳು ಸಾಮಾನ್ಯರ ಮೋಟಾರಿಗೂ ದೊರೆಯತೊಡಗಿದುವು. ೨೦೦೧ರ ಮಾದರಿಗಳಿಗೆ ಫೋರ್ಡ್ ಮತ್ತು ಹೋಂಡಾ ಕಂಪೆನಿಗಳು ಅಮೆರಿಕದಲ್ಲಿ ೫ಡಬ್ಲ್ಯು-೨೦ ಎಣ್ಣೆಯನ್ನು ಸೂಚಿಸಿದುವು. ೨೦೧೩ರಲ್ಲಿ ೧೬ ಎಂಬ ವರ್ಗವೂ ೨೦೧೫ರಲ್ಲಿ ೧೨ ಮತ್ತು ೮ ಎಂಬ ವರ್ಗಗಳೂ ಸೇರಿದುವು. ಪಾಲಿಮರು ಬೆರೆತ ಎಣ್ಣೆ ಬೇರಿಂಗಿನ ಸಂದಿಯಲ್ಲಿ ರಭಸದಿಂದ ಅರೆಯಲ್ಪಟ್ಟಾಗ ತಾತ್ಕಾಲಿಕವಾಗಿ ತೆಳುವಾಗುತ್ತದೆ. ಆದುದರಿಂದ ೧೫೦ ಡಿಗ್ರಿ ಶಾಖದಲ್ಲಿ, ಅಂಥ ರಭಸದಲ್ಲಿ ಉಳಿಯಬೇಕಾದ ಕನಿಷ್ಠ ಸ್ನಿಗ್ಧತೆಯನ್ನೂ ವಿಧಿ ಗೊತ್ತುಮಾಡಿದೆ. ರೆನಾಲ್ಡ್ಸನು ೧೮೮೬ರಲ್ಲಿ 
ಕಾಗದದ ಮೇಲೆ ತೋರಿಸಿದ ತತ್ತ್ವವನ್ನು ಎಂಜಿನ್ನು ಒಂದು ಶತಮಾನದ ತರುವಾಯ ಕೈಹಿಡಿಯಿತು.

ಭಾರತದಲ್ಲಿ ಈ ಬದಲಾವಣೆ ತಡವಾಗಿ ಬಂದುದಕ್ಕೆ ಕಾರಣವಿದೆ. ಅಂಬಾಸಡರ್ ಮತ್ತು ಫಿಯಟ್ ೧೧೦೦ ಮೊದಲಾದ, ಯುರೋಪಿನಲ್ಲಿ ೧೯೪೦-೫೦ರ ದಶಕಗಳಲ್ಲಿ ರೂಪುಗೊಂಡ ಎಂಜಿನ್ನುಗಳು ನಮ್ಮ ರಸ್ತೆಗಳಲ್ಲಿ ದೀರ್ಘಕಾಲ ಮುಂದುವರಿದುವು. ಅಂಬಾಸಡರಿನ ತಯಾರಿಕೆ ನಿಂತದ್ದು ೨೦೧೪ರಲ್ಲಿ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆಯೇ ಬೇರೆ ತಲೆಮಾರಿನ ಎಂಜಿನ್ನು ಸಾಮಾನ್ಯ ರಿಪೇರಿಯವನ ಕೈಗೆ ಬಂದುದು. ಹಳೆಯ ಎಂಜಿನ್ನು ಉಳಿದಷ್ಟು ಕಾಲ ಹಳೆಯ ಮಾತೂ ಸಕಾರಣವಾಗಿಯೇ ಉಳಿಯಿತು.

೮. ಉಪಸಂಹಾರ

ಈ ಇತಿಹಾಸದಿಂದ ಆಯ್ಕೆಯ ಕ್ರಮವೊಂದು ತಾನಾಗಿಯೇ ಹೊರಡುತ್ತದೆ. ಎಣ್ಣೆಯು ಎಂಜಿನ್ನಿನ ಒಂದು ಭಾಗವೆಂದೇ ಭಾವಿಸಿ ತಯಾರಕರು ಸಂದಿಗಳನ್ನು ಗೊತ್ತುಮಾಡಿರುವುದರಿಂದ, ಮೊದಲು ನೋಡಬೇಕಾದದ್ದು ಗಾಡಿಯ ಕೈಪಿಡಿ. ಎರಡನೆಯದಾಗಿ, ಅಲ್ಲಿ ಹೇಳಿರುವ ಗುಣವರ್ಗದ ಅಕ್ಷರಗಳು. ೨೦೨೦ರ ಏಪ್ರಿಲ್‌ನಿಂದ ಭಾರತದಲ್ಲಿ ಜಾರಿಗೆ ಬಂದ ಬಿಎಸ್-೬ ನಿಯಮದ, ಮಸಿಯನ್ನು ಸೋಸುವ ಸಾಧನವುಳ್ಳ ಡೀಸೆಲ್ ಗಾಡಿಗೆ ಬೂದಿ ಕಡಿಮೆಯಿರುವ ಎಣ್ಣೆಯೇ ಬೇಕು. ಇಲ್ಲಿ ಅಂಕಿ ಸರಿಯಾಗಿದ್ದು ಅಕ್ಷರ ತಪ್ಪಿದರೆ ಆ ಸಾಧನ ಕಟ್ಟಿಕೊಳ್ಳುತ್ತದೆ. ಮೂರನೆಯದಾಗಿ, ಕೈಪಿಡಿ ಒಪ್ಪುವ ಅಂಕಿಗಳೊಳಗೆ ಹವೆಗೂ ದುಡಿಮೆಗೂ ತಕ್ಕುದನ್ನು ಆಯುವುದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಶಾಖ ೧೮೮೪ರ ಜನವರಿಯ ೭.೮ ಡಿಗ್ರಿ. ಹೆಪ್ಪುಗಟ್ಟುವ ಭಯ ನಮ್ಮ ಬಯಲುಸೀಮೆಗೆ ಇಲ್ಲ. ಆದರೂ ಬೆಳಗಿನ ಮೊದಲ ಕೆಲವು ಕ್ಷಣಗಳಲ್ಲಿ ತೆಳುವಾದ ಎಣ್ಣೆ ಮೇಲಿನ ಭಾಗಗಳನ್ನು ಬೇಗ ತಲುಪುತ್ತದೆಂಬ ಲಾಭವನ್ನು ಅಲ್ಲಗಳೆಯುವಂತಿಲ್ಲ. ರಾಯಚೂರಿನ ಬೇಸಗೆಯಲ್ಲಿ ಭಾರವನ್ನೆಳೆದು ದೂರ ಓಡುವ ಗಾಡಿಗೆ, ಕೈಪಿಡಿ ಎರಡು ಅಂಕಿಗಳನ್ನು ಒಪ್ಪಿದ್ದರೆ, ದೊಡ್ಡದನ್ನು ಆರಿಸುವುದು ವಿವೇಕ. ನಾಲ್ಕನೆಯದಾಗಿ, ಬಣ್ಣವನ್ನು ನೋಡಿ ಹೆದರದೆ, ಬಣ್ಣವನ್ನು ನೋಡಿ ಮೈಮರೆಯದೆ, ಗೊತ್ತಾದ ಅವಧಿಗೆ ಎಣ್ಣೆಯನ್ನು ಬದಲಾಯಿಸುವುದು.

ಕೊನೆಯದಾಗಿ ಒಂದು ಮಾತು. ಡಬ್ಬಿಯ ಮೇಲಿನ ಅಂಕಿಗಳು ಯಾರೋ ಒಬ್ಬರು ಒಂದೇ ದಿನದಲ್ಲಿ ಕುಳಿತು ಗೊತ್ತುಮಾಡಿದುವಲ್ಲ. ಟವರನ ಬೆಣೆ, ಅಂಟಿಕೊಂಡ ಬಳೆಗಳು, ಸೂ ಫಾಲ್ಸಿನ ಚಳಿಗಾಲ—ಇವೆಲ್ಲ ಸೇರಿ ಅವನ್ನು ಬರೆದಿವೆ. ಅವು ಮುಂದೆಯೂ ಬದಲಾಗುತ್ತವೆ. ಇಂದು ತೆಳುವಾದ ಎಣ್ಣೆಯೇ ಸರ್ವದಾ ಶ್ರೇಷ್ಠವೆಂದು ಸಾಧಿಸಹೊರಡುವವನು, ನಿನ್ನೆ ದಪ್ಪ ಎಣ್ಣೆಯನ್ನು ಹೊಗಳಿದವನು ಮಾಡಿದ ತಪ್ಪನ್ನೇ ಮಾಡುತ್ತಾನೆ: ಒಂದು ಎಂಜಿನ್ನಿಗೆ ಸಲ್ಲುವ ಮಾತನ್ನು ಎಲ್ಲ ಎಂಜಿನ್ನುಗಳಿಗೂ ಸಲ್ಲಿಸುತ್ತಾನೆ. ಯಾವ ಎಣ್ಣೆ ಒಳ್ಳೆಯದೆಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು, ಯಾವ ಎಂಜಿನ್ನಿಗೆ, ಯಾವ ಹವೆಯಲ್ಲಿ, ಯಾವ ದುಡಿಮೆಗೆ ಎಂದು ಕೇಳಬೇಕಾಗುತ್ತದೆ.